ಐಲ್ಸಾಳ ಬಂದೂಕು ಯಾರ ಬೀರುವಿನಲ್ಲಿ

ಫೆಬ್ರವರಿ 5, ಭಾನುವಾರ ಸಂಜೆ

ಬಸ್ಸು ತೊಳೆದಾಯಿತು. ನಾಡಿದ್ದಿನಿಂದ ಮತ್ತೆ ಶಾಲೆ ಮಕ್ಕಳ ಟ್ರಿಪ್ಪು ಓಡಿಸಬೇಕು. ಹಿಂದಿನ ಸೀಟಿನಡಿಯ ಚೂಯಿಂಗ್ ಗಮ್ ಕೆರೆದೂ ಕೆರೆದೂ ಒಂದು ಉಗುರು ಹೋಯಿತು.

ಐದಕ್ಕೆ ಗ್ರಾಂಟ್ ಮಗಳನ್ನು ಇಳಿಸಿ ಹೋದ. ನನ್ನನ್ನು ಬಿಟ್ಟು ನಾಲ್ಕು ವರ್ಷ. ಶನಿವಾರ-ಭಾನುವಾರ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಅಂತ ಒಪ್ಪಂದ. ಐಲ್ಸಾ ಬ್ಯಾಗ್ ಬಿಸಾಕಿ, ಚೀಸ್ ರೋಲ್ ಬಾಯಿಗೆ ತುರುಕಿಕೊಂಡೇ ಶುರು ಮಾಡಿದಳು.

"ಅಮ್ಮಾ, ಡವೀನಾ ಹೇಳಿದ್ಲು, ನಂಗೆ ಮೊದಲನೇ ರೈಫಲ್ಲು ಟೂ-ಫೋರ್ಟಿ-ತ್ರೀ ಸಾಕಂತೆ. ಸೈಲೆನ್ಸರ್ ಹಾಕಿಸಿದ್ರೆ ಭುಜಕ್ಕೆ ಒದೆಯೋದೇ ಇಲ್ವಂತೆ. ಈಸ್ಟರ್‌ಗೆ ಜಿಂಕೆಗೆ ಅವಳೇ ಕರ್ಕೊಂಡು ಹೋಗ್ತಾಳಂತೆ."

ಅಂತೆ, ಅಂತೆ, ಅಂತೆ!

ಮೊಲ ಹೊಡೆಯಲು ಕಲಿಸಿದವಳು ನಾನು. ಪುಟ್ಟ ಪಾಯಿಂಟ್ ಟೂ-ಟೂ ಬಂದೂಕು ಕೊಟ್ಟು, ಹುಲ್ಲಿನ ಮೇಲೆ ಬೋರಲು ಮಲಗಿಸಿ, ಉಸಿರು ಬಿಡು, ಈಗ ಒತ್ತು ಅಂದವಳು ನಾನು. ಮೂರು ವರ್ಷ. ಈಗ ಹತ್ತಕ್ಕೆ ಒಂಬತ್ತು ಬೀಳಿಸುತ್ತಾಳೆ. ಈ ಡವೀನಾ ಗ್ರಾಂಟ್‌ನ ಮನೆ ಹೊಕ್ಕಿದ್ದು ಹೋದ ವರ್ಷ. ಪರದೇಶದ ಸಾಹುಕಾರರನ್ನು ಬೇಟೆಗೆ ಕರೆದೊಯ್ಯುವುದೇ ಅವಳ ಕಸುಬು. ಇರಬಹುದು. ಗಂಡ ಆಯಿತು, ಈಗ ಮಗಳೂ ಬೇಕಾ?

ಐಲ್ಸಾಗೆ ಹದಿಮೂರು. ಹದಿನಾರರವರೆಗೆ ಲೈಸೆನ್ಸ್ ಇಲ್ಲ. ಬಂದೂಕು ಲೈಸೆನ್ಸ್ ಇದ್ದವರ ಕಬ್ಬಿಣದ ಬೀರುವಿನಲ್ಲಿರಬೇಕು, ಅವರು ಪಕ್ಕದಲ್ಲಿದ್ದರೆ ಮಾತ್ರ ಇವಳ ಕೈಗೆ. ಯಾರ ಬೀರುವಿನಲ್ಲಿ ಬಂದೂಕೋ ಅವರ ಮನೆಯಲ್ಲೇ ಇನ್ನು ಎಲ್ಲ ಭಾನುವಾರ. ಅಷ್ಟು ನನಗೂ ಅರ್ಥವಾಗುತ್ತದೆ.

ಫೆಬ್ರವರಿ 11, ಶನಿವಾರ

ಅಪ್ಪನ ತ್ರೀ-ನಾಟ್-ತ್ರೀ ಹೊರತೆಗೆದೆ. ನನ್ನ ಮೊದಲ ಜಿಂಕೆ ಇದರಲ್ಲೇ, ಹದಿನಾಲ್ಕಕ್ಕೆ. ಐಲ್ಸಾಗೆ ಉದ್ದ. ಅವಳ ಕೈ ಮಡಿಸಿ ಅಳೆದೆ — ಭುಜಕ್ಕೆ ಒತ್ತುವ ಮರ ಒಂದೂವರೆ ಇಂಚು ಹೆಚ್ಚು. ಶೆಡ್ಡಿಗೆ ಹೋಗಿ ಗರಗಸ ಹಾಕಿಯೇಬಿಟ್ಟೆ. ಅಪ್ಪ ಇದ್ದಿದ್ದರೆ ನನ್ನ ಕೈ ಕತ್ತರಿಸುತ್ತಿದ್ದ. ಕತ್ತರಿಸಿದ ಮೇಲೆ ಇನ್ನು ಯಾರೂ ಬೇಡ ಅನ್ನುವಂತಿಲ್ಲ.

"ಅಜ್ಜಂದು! ನಂಗೇನಾ?" ಅಂತ ತಬ್ಬಿಕೊಂಡಳು. ಆ ಡವೀನಾ ಇದನ್ನು ನೋಡಬೇಕಿತ್ತು.

ಫೆಬ್ರವರಿ 12

ಮೂರು ಗುಂಡು. ಮೊದಲನೆಯದು ಗುರಿಹಲಗೆಯ ಅಂಚಿಗೆ. ಉಳಿದೆರಡು ಎಲ್ಲಿ ಹೋದವೋ, ಕುರಿಗಳಿಗೆ ಗೊತ್ತು. ಒದೆತ ಜೋರು. ತುಟಿ ಕಚ್ಚಿಕೊಂಡು ನಿಂತಿದ್ದಳು.

"ನೋವಾಯ್ತಾ?"

"ಇಲ್ಲಪ್ಪ."

ಶಭಾಷ್ ಅಂದೆ. ನನಗೂ ಹಾಗೇ ಆಗಿತ್ತು, ಯಾರು ಸತ್ತರು? ಪ್ರತಿ ಭಾನುವಾರ ಅಭ್ಯಾಸ. ಒಪ್ಪಂದಕ್ಕೆ ಬೆಂಕಿ ಬೀಳಲಿ; ಈ ತಿಂಗಳು ಭಾನುವಾರವೆಲ್ಲ ನನಗೆ ಅಂತ ಗ್ರಾಂಟ್‌ಗೆ ಮೆಸೇಜ್ ಹಾಕಿದೆ.

ಮಾರ್ಚ್ 4, ಶನಿವಾರ

ಡವೀನಾಳ ಫೋನು! ನೇರ ನನಗೇ. ಎಷ್ಟು ಧೈರ್ಯ.

"ಶೋನಾ, ತಪ್ಪು ತಿಳ್ಕೋಬೇಡಿ. ಇವತ್ತು ಹೊಳೇಲಿ ಈಜೋವಾಗ ಐಲ್ಸಾ ಭುಜ ನೋಡ್ದೆ. ಕಪ್ಪುಗಟ್ಟಿದೆ."

"ನೋಡೋಕೆ ನಿಮಗೆ ಬೇರೆ ಏನೂ ಸಿಗ್ಲಿಲ್ವಾ?"

"ಆ ಬಂದೂಕು ಅವಳಿಗೆ ಜಾಸ್ತಿ ಆಯ್ತು. ಒಂದ್ಸಲ ಹೆದರಿಕೆ ಹೊಕ್ಕಿಬಿಟ್ರೆ—"

"ನನ್ನ ಮಗಳಿಗೆ ಹೆದರಿಕೆ ಅಂದ್ರೆ ಏನೂಂತ ಗೊತ್ತಿಲ್ಲ ಕಣ್ರೀ. ನಿಮ್ಮ ಸಾಹುಕಾರರಿಗೆ ಹೇಳಿ ಈ ಬುದ್ಧಿವಾದ."

ಇಟ್ಟುಬಿಟ್ಟೆ. ಮೆತ್ತಗೆ ಮಾತಾಡುತ್ತಾಳೆ, ಅದೇ ನನಗೆ ಆಗುವುದಿಲ್ಲ. ಕೂಗಾಡಿದ್ದರೆ ನಾನೂ ಸರಿಯಾಗಿ ಕೊಡುತ್ತಿದ್ದೆ.

ಮಾರ್ಚ್ 12, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಮೊಲಕ್ಕೆ ಹೋದೆವು, ಹಳೆಯ ಪಾಯಿಂಟ್ ಟೂ-ಟೂ ಹಿಡಿದು. ಏಳು ಗುಂಡು. ಒಂದೂ ತಾಗಲಿಲ್ಲ. "ಗಾಳಿ ಅಮ್ಮಾ" ಅಂದಳು. ಗಾಳಿ ಎಲ್ಲಿತ್ತು? ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ.

ಅನುಮಾನ ಬಂತು. ಮನೆಗೆ ಬಂದು ತ್ರೀ-ನಾಟ್-ತ್ರೀಗೆ ಅವಳಿಗೆ ಕಾಣದಂತೆ ಗುಂಡಿಲ್ಲದ ಖಾಲಿ ತೋಟೆ ತುಂಬಿದೆ. ಗುಂಡಿದೆ ಅಂತ ನಂಬಿ ಗುರಿ ಹಿಡಿದಳು. ಟ್ರಿಗರ್ ಒತ್ತುವ ಮೊದಲೇ ಕಣ್ಣು ಗಟ್ಟಿಯಾಗಿ ಮುಚ್ಚಿದವು. ಭುಜ ಹಿಂದಕ್ಕೆ ಸೆಳೆದುಕೊಂಡಿತು, ನಳಿಗೆ ನೆಲಕ್ಕೆ ಕುಕ್ಕಿತು. ಆಮೇಲೆ — ಟಿಕ್. ಅಷ್ಟೇ ಸದ್ದು.

ನನ್ನ ಕಡೆ ತಿರುಗಿದಳು. ಗೊತ್ತಾಯಿತು ಅವಳಿಗೆ, ನನಗೆ ಗೊತ್ತಾಯಿತೆಂದು.

"ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಅಜ್ಜಂದು ಅಂತ ನೀನು ಅಷ್ಟು ಖುಷಿಯಾಗಿದ್ದೆ. ಬೇಡ ಅಂದ್ರೆ ನಾನು ಡವೀನಾ ಪಾರ್ಟಿ ಅಂತ ನೀನು ಅಂದ್ಕೋತಿದ್ದೆ..." ಮೂಗು ಒರೆಸಿಕೊಂಡಳು. "ಈಸ್ಟರ್‌ಗೆ ಹೋಗೋದೇ ಬೇಡಮ್ಮಾ. ನಂಗೆ ಬೇಟೆನೇ ಬೇಡ."

ನಾನೇ ಮಾಡಿದ್ದು. ಮೂರು ವರ್ಷ ಕಲಿಸಿದ್ದನ್ನು ನಾಲ್ಕು ಭಾನುವಾರದಲ್ಲಿ ನಾನೇ ಕೆಡಿಸಿದೆ. ಹೊಟ್ಟೆಕಿಚ್ಚು ನನ್ನದು, ಭುಜ ಅವಳದು.

ಮಾರ್ಚ್ 13

ಬಸ್ಸು ಓಡಿಸುವಾಗ ಎರಡು ಸ್ಟಾಪು ಮರೆತು ಮುಂದೆ ಹೋದೆ. ಮಕ್ಕಳು ಕೂಗಿಕೊಂಡರು.

ಮಾರ್ಚ್ 19, ಭಾನುವಾರ

ಒಂದು ವಾರ ಬೇಕಾಯಿತು. ಡವೀನಾಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ನಾನು ಮೊದಲೇ ಹೇಳಿದ್ದೆನಲ್ಲ ಅನ್ನುತ್ತಾಳೆ ಅಂತ ಹಲ್ಲು ಕಚ್ಚಿ ಕಾದೆ. ಅನ್ನಲಿಲ್ಲ.

"ನಂಗೂ ಹಾಗೇ ಆಗಿತ್ತು. ಅಣ್ಣನ ಬಂದೂಕು. ಎರಡು ವರ್ಷ ಮುಟ್ಟಲೇ ಇಲ್ಲ."

"ಸರಿ ಹೋಗುತ್ತಾ?"

"ಹೋಗುತ್ತೆ. ಹಗುರಾಗಿ ಒದೆಯೋ ಬಂದೂಕು ಕೊಟ್ಟು, ದಿನಕ್ಕೆ ಐದೇ ಗುಂಡು. ಆದ್ರೆ ನೋವಾದ್ರೆ ನೋವು ಅಂತ ಅವಳು ಬಾಯಿಬಿಟ್ಟು ಹೇಳ್ಬೇಕು. ಹೇಳ್ಕೊಳ್ಳೋಕಾಗೋ ಅಂಥವರ ಹತ್ರ ಕಲೀಬೇಕು..."

ಅವಳು ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ ಅಂತ ಇಬ್ಬರಿಗೂ ಗೊತ್ತು. ನನ್ನೆದುರು ಅವಳು ಹೇಳುವುದಿಲ್ಲ. ಫೋನಿಟ್ಟು ಶೆಡ್ಡಿಗೆ ಹೋಗಿ ಅತ್ತೆ, ನಾಚಿಕೆ ಬಿಟ್ಟು.

ಮಾರ್ಚ್ 25, ಶನಿವಾರ

ಇನ್ವರ್‌ಕಾರ್ಗಿಲ್ ಪೇಟೆ. ಬಂದೂಕಿನ ಅಂಗಡಿ. ನಾವು ಮೂವರು ಹೆಂಗಸರು, ನೋಡುವವರಿಗೆ ತಮಾಷೆ.

ಅಂಗಡಿಯವನು ಐಲ್ಸಾಗೆ ಒಂದೊಂದಾಗಿ ಕೊಟ್ಟ. "ಕಣ್ಣು ಮುಚ್ಚಿ ಭುಜಕ್ಕೇರ್ಸು ಮರಿ. ಈಗ ಕಣ್ಣು ಬಿಡು. ಬಂದೂಕಿನ ಮೇಲಿನ ದುರ್ಬೀನಿನೊಳಗೆ ಪೂರ್ತಿ ಕಾಣುತ್ತಾ?" ಮೊದಲ ಮೂರೂ ಆಗಲಿಲ್ಲ. ಒಂದು ಭಾರ, ಒಂದು ಉದ್ದ, ಒಂದಕ್ಕೆ ಕತ್ತು ಚಾಚಬೇಕು. ನಾಲ್ಕನೆಯದು, ಟೂ-ಫೋರ್ಟಿ-ತ್ರೀ, ಸೈಲೆನ್ಸರ್ ಸಮೇತ — ಕಣ್ಣು ಬಿಟ್ಟಳು, ನಕ್ಕಳು. ಮುಗಿಯಿತು.

ಡವೀನಾ ಒಂದನ್ನೂ ಮುಟ್ಟಲಿಲ್ಲ. "ನೀವೇ ಆರಿಸಿ ಶೋನಾ" ಅಂದು ದೂರ ಹೋಗಿ ಕಾಲುಚೀಲ ನೋಡುತ್ತ ನಿಂತಳು. ಒಳ್ಳೆಯವಳು ಬೇರೆ! ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು.

"ಯಾರ ಲೈಸೆನ್ಸ್ ಮೇಲೆ ಬರೀಲಿ?" ಅಂದ ಅಂಗಡಿಯವನು.

ನನ್ನದು ಕೈಯಲ್ಲೇ ಇತ್ತು. ಐಲ್ಸಾ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

"ಅಲ್ಲಿ ಕಾಲುಚೀಲ ನೋಡ್ತಾ ನಿಂತಿದ್ದಾರಲ್ಲ," ಅಂದೆ. "ಅವರದು."

ಏಪ್ರಿಲ್ 15, ಈಸ್ಟರ್ ಶನಿವಾರ, ಮಧ್ಯಾಹ್ನ 1

ನಿನ್ನೆ ಐಲ್ಸಾ, ಡವೀನಾ ಇಬ್ಬರೂ ಕಾಡಿಗೆ ಹೋದರು. ಗಂಡು ಜಿಂಕೆಗಳು ಕಾಡು ತುಂಬ ಕೂಗಾಡುವ ಕಾಲ. ಡವೀನಾ ನನ್ನನ್ನೂ ಕರೆದಳು. ಬರುವುದಿಲ್ಲ ಅಂದೆ; ನಾನು ಪಕ್ಕದಲ್ಲಿ ನಿಂತರೆ ಐಲ್ಸಾ ಮತ್ತೆ ಕಣ್ಣು ಮುಚ್ಚಿದರೆ?

ಅಲ್ಲಿ ಸಿಗ್ನಲ್ ಇಲ್ಲ. ಅಡುಗೆಮನೆ ಎರಡು ಸಲ ಒರೆಸಿದೆ. ಬರಿಗೈಲಿ ಬಂದರೆ ಒಳ್ಳೆಯದಿತ್ತು ಅಂತ ಒಂದು ಗಳಿಗೆ ಅನ್ನಿಸಿತು. ಥೂ, ನಾನೆಂಥ ತಾಯಿ.

ಸಂಜೆ 5.50

ಹೊಡೆದಿದ್ದಾಳೆ! ಎಳೆಯ ಗಂಡು, ನೂರು ಗಜ, ಒಂದೇ ಗುಂಡು.

"ಕಣ್ಣು ಬಿಟ್ಕೊಂಡೇ ಹೊಡ್ದೆ ಅಮ್ಮಾ! ಬೀಳೋದು ನೋಡ್ದೆ!"

ಎತ್ತಿಕೊಂಡು ಸುತ್ತಿಸಿದೆ, ನನ್ನ ಭುಜದವರೆಗೆ ಬೆಳೆದವಳನ್ನು. ಕೆನ್ನೆಯ ಮೇಲೆ ಒಣಗಿದ ರಕ್ತ. ಮೊದಲ ಬೇಟೆಗೆ ಜಿಂಕೆಯ ರಕ್ತ ಹಚ್ಚುವುದು ವಾಡಿಕೆ. ಹಚ್ಚಿದ್ದು ಡವೀನಾ. ಆ ಬೆರಳು ನನ್ನದಾಗಬೇಕಿತ್ತು. ಇಷ್ಟು ಖುಷಿಯಲ್ಲೂ ಉರಿಯಿತು, ಸುಳ್ಳು ಯಾಕೆ ಬರೆಯಲಿ.

ಐಲ್ಸಾ ಜಿಂಕೆಯ ಲಿವರ್ ತಂದಿದ್ದಾಳೆ, ಚೀಲದಲ್ಲಿ. ಇಲ್ಲೇ ಹುರಿಯಬೇಕಂತೆ, ನಾನೇ ಹುರಿಯಬೇಕಂತೆ.

"ಡವೀನಾನೂ ಊಟಕ್ಕೆ ಬರ್ಲಿ ಅಮ್ಮಾ. ನಾನು ಕರೆದ್ರೆ ಬರಲ್ಲ ಅಂತಾಳೆ. ನೀನು ಕರಿ."

ಏಪ್ರನ್ ಹುಡುಕುತ್ತೇನೆ ಅಂತ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಕರೆಯುವುದು ಎರಡು ಮಾತು. ಬಾಯಿಗೆ ಬರುತ್ತಿಲ್ಲ. ಅವಳಿಗೆ ನಾನು ಹುರಿದು ಬಡಿಸಬೇಕೇ? ನನ್ನ ಮೇಜಿನಲ್ಲಿ?

ಡವೀನಾ ಕಿಟಕಿಯಿಂದ ಕಾಣುತ್ತಿದ್ದಾಳೆ. ಗಾಡಿಯಲ್ಲೇ ಕೂತಿದ್ದಾಳೆ, ಸ್ಟೀರಿಂಗ್ ಮೇಲೆ ತಲೆ ಇಟ್ಟು. ಸುಸ್ತು. ನನ್ನ ಮಗಳ ಜಿಂಕೆಯನ್ನು ಗುಡ್ಡ ಇಳಿಸಿ ಹೊತ್ತು ತಂದದ್ದು ಇವಳೇ. ಶರ್ಟೆಲ್ಲ ಕೆಸರು.

ತಲೆ ಎತ್ತಿದಳು. ಇಂಜಿನ್ ಶುರು ಮಾಡಿದಳು. ಹೋಗಲಿ. ಹೋದರೆ ಒಳ್ಳೆಯದೇ... ದೀಪ ಹಾಕಿದಳು. ಹಿಂದಕ್ಕೆ ತೆಗೆಯುತ್ತಿದ್ದಾಳೆ—

ಅಯ್ಯೋ ಇರೇ, ಡವೀ