ಕಿವಿಯಲ್ಲಿ ಹೇಳಬೇಕಾದ ಹೆಸರು

ಮಾದನಹಿಪ್ಪರಗಾ
15 ಜನವರಿ 2025, ಬುಧವಾರ

ಜೀನತಳ ಅಮ್ಮಿಗೆ ಸಲಾಂ,

ಹೇಗಿದ್ದೀ? ಮೊಣಕಾಲು ನೋವು ಮತ್ತೆ ಎದ್ದಿಲ್ಲ ತಾನೇ? ಹವಳಗಾದ ಚಳಿಯಲ್ಲಿ ನಸುಕಿಗೇ ಎದ್ದು ಬಾಣಂತಿಗೆ ನೀರು ಕಾಯಿಸಬೇಡ, ಬೀಗರ ಮನೆಯಲ್ಲಿ ಬೇರೆಯವರೂ ಇದ್ದಾರೆ. ಜೀನತ ಹೊಟ್ಟೆತುಂಬ ಉಣ್ಣುತ್ತಾಳೆಯೇ? ಕೂಸು ನಿದ್ದೆ ಮಾಡಗೊಡುತ್ತದೆಯೇ? ಮೂರು ದಿನದಿಂದ ನಾನು ಫೋನ್ ಎತ್ತಿಲ್ಲವೆಂದು ನೀನು ಕೆಂಡವಾಗಿರುತ್ತೀ. ಸಿಟ್ಟು ಬದಿಗಿಟ್ಟು ಓದು. ನನ್ನ ದನಿ ಕೇಳಿದ್ದರೆ ನೀನು ಬಾಣಂತಿಯನ್ನು ಬಿಟ್ಟು ಬಸ್ಸು ಹತ್ತಿಬಿಡುತ್ತಿದ್ದೆ, ಅದಕ್ಕೇ ಈ ಕಾಗದ. ನಾಳೆ ಮುಂಜಾನೆ ಉಸ್ಮಾನಸಾಬ ಅಲ್ಲಿನ ಸಕ್ಕರೆ ಕಾರ್ಖಾನೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಸರ್ಪಸುತ್ತಿನ ಗುಳ್ಳೆ ಒಣಗಿ ಎರಡು ತಿಂಗಳಾಯಿತು, ಎಡಪಕ್ಕೆಯ ಉರಿ ಮಾತ್ರ ಹೋಗಲೊಲ್ಲದು. ಗುಳಿಗೆ ತಗೋ ಎಂದು ಆವತ್ತು ನೀನು ಬಡಕೊಂಡೆ. ನಾನು ಹಾವಿನ ಬಾಯಿಗೂ ಬಾಲಕ್ಕೂ ಗಂಟು ಬೀಳಬಾರದೆಂದು ನಾಟಿ ಮದ್ದು ಮಾಡುವ ಲಾಡ್ಲೆಸಾಬನಿಂದ ಮೈಸುತ್ತ ಕೆಮ್ಮಣ್ಣಿನ ಗೆರೆ ಎಳೆಸಿಕೊಂಡು ನಾಲ್ಕು ದಿನ ಕೂತೆ. ಮೊದಲೇ ಬಂದಿದ್ದರೆ ಉರಿ ಇಷ್ಟು ಎಳೆಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರು. ಮಾಡಿದ್ದುಣ್ಣೋ ಮಹಾರಾಯ! ಊರಿಗೆಲ್ಲ ಅಂಗಿ ಹೊಲಿಯುವ ನನಗೇ ಈಗ ಯಾವ ಅಂಗಿ ತಾಗಿದರೂ ತಡೆಯಲಾಗದು. ಕೊನೆಗೆ ಒಂದರ ಎಡಭಾಗ ಕತ್ತರಿಸಿ, ಮೆತ್ತಗಿನ ಹಳೇ ಬಟ್ಟೆ ಕೂಡಿಸಿ ಹೊಲಿದುಕೊಂಡೆ. ಆ ಬಟ್ಟೆ ನಿನ್ನ ಹಳದಿ ನೂಲಿನ ಸೀರೆಯದು. ಬಂದ ಮೇಲೆ ಬೈಯುವೆಯಂತೆ.

ಇದು ಸಾಲದೆಂಬಂತೆ ಭಾನುವಾರದಿಂದ ಜ್ವರ, ಮೈಕೈ ನೋವು, ಒಣಕೆಮ್ಮು. ಒಂದೊಂದು ಕೆಮ್ಮಿಗೂ ಯಾರೋ ಪಕ್ಕೆಯನ್ನು ಒಳಗಿನಿಂದ ದಬ್ಬಣದಲ್ಲಿ ಹೊಲಿದಂತಾಗುತ್ತದೆ. ಗಂಜಿ ಕುಡಿಯುತ್ತೇನೆ, ಬಿಸಿನೀರು ಕುಡಿಯುತ್ತೇನೆ, ಡಾಕ್ಟರು ಹೇಳಿದ ಗುಳಿಗೆ ಬಿಟ್ಟು ಬೇರೇನೂ ನುಂಗಿಲ್ಲ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಸುಮಂಗಲಾ ದಿನಕ್ಕೆರಡು ಸಲ ಬಾಗಿಲಲ್ಲೇ ನಿಂತು ವಿಚಾರಿಸುತ್ತಾಳೆ. ಶುಕ್ರವಾರ ಕೂಸಿಗೆ ಹೆಸರಿಡಲು ಹವಳಗಾಕ್ಕೆ ಹೋಗುತ್ತೇನೆ ಎಂದದ್ದೇ ತಡ, “ಕಾಕಾ, ನಿಮ್ಮ ಪಕ್ಕಡಿ ಉರಿ ಯಾರಿಗೂ ಹತ್ತಂಗಿಲ್ರಿ, ಆದ್ರ ಈ ಕೆಮ್ಮು ಹತ್ತತದ. ಹಸಿಗೂಸಿನ ಹತ್ರ ಹೋಗಬ್ಯಾಡ್ರಿ” ಎಂದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡರಾಯಿತು ಎಂದು ನಾನು ವಾದ ಮಾಡಿದೆ. ಅವಳು ತಲೆ ಅಲ್ಲಾಡಿಸುತ್ತ ಹೋದಳು.

ನಾನು ಬಂದೇ ಬರುತ್ತೇನೆ. ನನ್ನ ಸರ್ಪಸುತ್ತಿನಿಂದಾಗಿ ಮಗಳನ್ನು ಹೆರಿಗೆಗೆ ತವರಿಗೆ ಕರೆತರಲಿಲ್ಲ. ನಾನು ಬಸ್ಸಿನಲ್ಲಿ ಕೂರಲಾರದೆ ಹೆಸರಿಡುವುದೂ ಎರಡು ಸಲ ಮುಂದಕ್ಕೆ ಹೋಯಿತು. ಬೀಗರು ಒಳ್ಳೆಯವರು, ಆದರೂ ಎಷ್ಟೆಂದು ತಡೆದಾರು? ಒಂಬತ್ತು ವರ್ಷ ಕಾದ ಮೇಲೆ ಬಂದ ಕೂಸು. ನಮ್ಮ ಮನೆತನದ ರಿವಾಜು ನಿನಗೆ ಗೊತ್ತೇ ಇದೆ: ಹೆಸರನ್ನು ಅಜ್ಜ ಮನಸ್ಸಿನಲ್ಲೇ ಇಟ್ಟುಕೊಂಡಿರಬೇಕು, ಕಿವಿಗೆ ಬಾಯಿ ಹಚ್ಚಿ ಮೊದಲು ಕೂಸಿಗೇ ಹೇಳಬೇಕು, ಊರಿಗೆಲ್ಲ ಆಮೇಲೆ. ಜೀನತಳಿಗೆ ನಮ್ಮ ಅಬ್ಬಾ ಹೇಳುವಾಗ ಕದ್ದು ಕೇಳಲು ನೀನು ಕತ್ತು ಚಾಚಿದ್ದೆ. ನನ್ನ ಸರದಿ ಬಂದಾಗಲೇ ಈ ಹಾಳು ಜ್ವರ ಬರಬೇಕೇ? ಮುಂಜಾನೆಯಿಂದ ಮೂರು ಸಲ ಚೀಲ ತುಂಬಿದೆ, ಮೂರು ಸಲ ಖಾಲಿ ಮಾಡಿದೆ. ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಎರಡು ದಿನದಲ್ಲಿ ಕೆಮ್ಮು ಇಳಿದೀತು.

ಜೀನತಳಿಗೂ ಅಳಿಯ ಮುಸ್ತಕೀಮನಿಗೂ ನನ್ನ ದುವಾ. ಬೀಗರಿಗೆ ಸಲಾಂ ಹೇಳು. ಕೂಸಿನ ಅಂಗಾಲಿಗೆ ನನ್ನ ಲೆಕ್ಕದ್ದೊಂದು ಮುತ್ತು ಕೊಡು.

ನಿನ್ನ
ಇಮಾಮಸಾಬ

ತಾ.ಕ.: ಗುರುವಾರ ಮುಂಜಾನೆ. ಉಸ್ಮಾನಸಾಬ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಹೆಸರನ್ನು ಕೆಮ್ಮದೆ ಹೇಳಬಲ್ಲೆನೋ ನೋಡೋಣವೆಂದು ಈಗಷ್ಟೇ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದೆ. ಮುಖದ ಬಟ್ಟೆಯಿಂದ ಉಸಿರು ಕಟ್ಟಿತು, ಕಿತ್ತುಹಾಕಿದೆ. ಮೊದಲ ಅಕ್ಷರಕ್ಕೇ ಕೆಮ್ಮು ಒತ್ತಿಕೊಂಡು ಬಂತು. ದಿಂಬಿನ ತುಂಬ ಎಂಜಲು ಸಿಡಿಯಿತು. ಅಲ್ಲಿ ಕೂಸಿನ ಮುಖ ಇರುತ್ತಿತ್ತು. ನಾನು ಬರುವುದಿಲ್ಲ. ಇನ್ನು ನನಗಾಗಿ ಕಾಯಬೇಡಿರಿ, ನಾಳೆಯೇ ಮುಗಿಸಿರಿ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಅದನ್ನು ಜೀನತಳಿಗೆ ಹೇಳಬೇಡ. ಈ ಕಾಗದ ಯಾರಿಗೂ ತೋರಿಸಬೇಡ. ನೀನೇ ಮೊಮ್ಮಗಳನ್ನು ಎತ್ತಿಕೊಂಡು, ಕಿವಿಗೆ ಬಾಯಿ ಹಚ್ಚಿ, ನಾನು ಹೇಳಿದೆನೆಂದು ಮೆಲ್ಲಗೆ ಹೇಳು: ಮಹೆಕ.