ಕಾರ್ಡಿನಲ್ಲಿ ತೀರಿಕೊಂಡವಳು

ಸೋಮವಾರ, ಜುಲೈ 4, 1988

ಇವತ್ತು ಹದಿನಾಲ್ಕು ಫೈಲು ಮುಗಿಯಿತು. ರೆಕಾರ್ಡ್ ರೂಮಿನ ಧೂಳಿಗೆ ಮೂಗು ಕಟ್ಟಿದೆ.

ಡಾ. ಜಯಸಿಂಹ ಅವರ ಸ್ಟಡಿಗೆ ಒಟ್ಟು ನಲವತ್ತೊಂದು ಮಕ್ಕಳು. ಎಪ್ಪತ್ತೈದರಿಂದ ಎಂಬತ್ತರೊಳಗೆ ನಮ್ಮ ಆಸ್ಪತ್ರೆಯಲ್ಲಿ ಕಿಡ್ನಿಯ ಕ್ಯಾನ್ಸರ್ ಗಡ್ಡೆಗೆ ಆಪರೇಷನ್ ಆದವರು. ಯಾಕೆ ಬಂತು, ಎಷ್ಟು ಜನ ಉಳಿದರು — ಇಷ್ಟೇ ಪ್ರಶ್ನೆ. ಉಳಿದವರು ಹದಿನೇಳು. ತೀರಿಕೊಂಡವರು ಹತ್ತೊಂಬತ್ತು. ಪತ್ತೆಯಿಲ್ಲದವರು ಐದು. ಆ ಐವರನ್ನು ಹುಡುಕುವುದು ಆಸ್ಪತ್ರೆಯ ಸೋಷಿಯಲ್ ವರ್ಕರ್ ಆದ ನನ್ನ ಕೆಲಸ.

ಆದರೆ ಕಣ್ಣು ನಿಂತದ್ದು ತೀರಿಕೊಂಡವರ ಕಟ್ಟಿನಲ್ಲಿ. ಅಂಜಿನಮ್ಮ, ನಾಲ್ಕು ವರ್ಷ, ತಂದೆ ಗೋಪಾಲಪ್ಪ, ಪೀಣ್ಯ. 77ರಲ್ಲಿ ಆಪರೇಷನ್. ಎರಡು ವರ್ಷ ತಪ್ಪದೆ ಬಂದಿದ್ದಾರೆ. ಕೊನೆಯ ಎಕ್ಸ್-ರೇ ಕ್ಲಿಯರ್. ಅದಾಗಿ ಎರಡೇ ತಿಂಗಳಿಗೆ, 79ರ ಡಿಸೆಂಬರಿನಲ್ಲಿ, ಒಂದು ಪೋಸ್ಟ್‌ಕಾರ್ಡು: ‘ಮಗು ತೀರಿಕೊಂಡಿದೆ. ಇನ್ನು ಕಾಗದ ಹಾಕಬೇಡಿ.’ ಯಾವ ದಿನ, ಹೇಗೆ — ಏನೂ ಇಲ್ಲ.

ಮೂರನೆಯ ಹೆಣ್ಣು ಎಂದು ಕೇಸ್ ಹಿಸ್ಟರಿಯಲ್ಲಿದೆ. ಹೆಣ್ಣು ಮಗು ಎಂದು ಅರ್ಧಕ್ಕೇ ಟ್ರೀಟ್‌ಮೆಂಟ್ ಬಿಡಿಸಿಕೊಂಡು ಹೋದವರನ್ನು ಈ ಹತ್ತು ವರ್ಷದಲ್ಲಿ ಎಷ್ಟು ನೋಡಿಲ್ಲ. ಆದರೆ ಇದು... ಬಿಡಿಸಿಕೊಂಡದ್ದಷ್ಟೇ ಅಲ್ಲ ಅನ್ನಿಸುತ್ತಿದೆ.

ಗುರುವಾರ, ಜುಲೈ 7

ಪೀಣ್ಯ ಪಂಚಾಯಿತಿಯ ಜನನ-ಮರಣ ರಿಜಿಸ್ಟರಿನಲ್ಲಿ ಎಂಬತ್ತರ ಕೊನೆಯವರೆಗೂ ಹುಡುಕಿಸಿದೆ. ಅಂಜಿನಮ್ಮ ಎಂಬ ಮಗುವಿನ ಸಾವು ಇಲ್ಲ.

ಡಾಕ್ಟರಿಗೆ ಹೇಳಿದರೆ, “ಸತ್ತವರನ್ನ ಯಾಕ್ರೀ ಹುಡುಕ್ತೀರಿ, ಕಳೆದುಹೋದವರನ್ನ ಹುಡುಕಿ” ಎಂದರು. ಹಳ್ಳಿಯವರು ಎಷ್ಟೋ ಸಾವು ಬರೆಸುವುದೇ ಇಲ್ಲವಂತೆ. ನಿಜ. ಆದರೂ...

ಮಂಗಳವಾರ, ಜುಲೈ 19

ಪೀಣ್ಯಕ್ಕೆ ಹೋಗಿದ್ದೆ. ಹಳೆಯ ವಠಾರ ಹಾಗೇ ಇದೆ, ಸುತ್ತ ಶೆಡ್ಡುಗಳು. ಲೇತ್ ಮಿಷಿನ್ನುಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಮಾಲೀಕ ದೊಡ್ಡಮುನಿಯಪ್ಪನಿಗೆ ಗೋಪಾಲಪ್ಪನ ನೆನಪಿದೆ. ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಹೆಲ್ಪರ್ ಆಗಿದ್ದನಂತೆ. ಎಂಬತ್ತರ ಯುಗಾದಿ ಕಳೆದ ಮೇಲೆ ಖಾಲಿ ಮಾಡಿಕೊಂಡು ಚಂದಾಪುರದ ಕಡೆ ಹೋದರಂತೆ.

ಮಗು ಯಾವಾಗ ತೀರಿಕೊಂಡಿತು ಎಂದು ಕೇಳಿದೆ.

“ಇಲ್ಲಂತೂ ಸಾಯ್ಲಿಲ್ಲ ಕಣಮ್ಮ. ಸಾಮಾನಿನ ಲಾರೀಲಿ ಮೂರು ಮಕ್ಳೂ ಕುಂತಿದ್ವು.”

ಯುಗಾದಿ ಮಾರ್ಚಿನಲ್ಲಿ. ಕಾರ್ಡು ಡಿಸೆಂಬರಿನದು. ಮಗು ಬದುಕಿರುವಾಗಲೇ ಸತ್ತಿದೆ ಎಂದು ಬರೆದ ತಂದೆ ಆಮೇಲೆ ಏನು ಮಾಡಿದ? ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಒಳ್ಳೆಯದೊಂದೂ ಹೊಳೆಯಲಿಲ್ಲ.

ಬುಧವಾರ, ಆಗಸ್ಟ್ 10

ಮೂರು ವಾರ ಪತ್ತೆಯಿಲ್ಲದ ಆ ಐವರ ಹಿಂದೆ ತಿರುಗಿದ್ದಾಯಿತು. ಯಾರೂ ಸಿಗಲಿಲ್ಲ. ಇವತ್ತು ಚಂದಾಪುರ. ಹೊಸೂರು ರೋಡಿನ ಫ್ಯಾಕ್ಟರಿಯೊಂದರ ಗೇಟಿನಲ್ಲಿ ವಿಚಾರಿಸಿ ಮನೆ ಪತ್ತೆ ಮಾಡಿದೆ. ಗೋಪಾಲಪ್ಪ ಫಸ್ಟ್ ಶಿಫ್ಟಿಗೆ ಹೋಗಿದ್ದ. ಹೆಂಡತಿ ವಸಂತಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ಆಸ್ಪತ್ರೆಯ ಹೆಸರು ಹೇಳಿದ್ದೇ ತಡ, ಮುಖ ಬಿಳಿಚಿತು.

ಅಂಜಿನಮ್ಮ ಎಂಬ ಮಗು ಹೋಗಿ ಎಷ್ಟೋ ವರ್ಷವಾಯಿತು ಎಂದಳು. ಯಾವ ತಿಂಗಳು? ನೆನಪಿಲ್ಲ. ಎಲ್ಲಿ ಮಣ್ಣು ಮಾಡಿದಿರಿ? ಊರಿನಲ್ಲಿ. ಯಾವ ಊರು? ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡಳು. ಹೆತ್ತವಳು ಮಗುವನ್ನು ಮಣ್ಣು ಮಾಡಿದ ಜಾಗ ಮರೆಯುತ್ತಾಳೆಯೇ?

ಅಷ್ಟರಲ್ಲಿ ಹದಿನಾಲ್ಕು-ಹದಿನೈದರ ಹುಡುಗಿಯೊಬ್ಬಳು ಲೋಟದಲ್ಲಿ ನೀರು ತಂದಳು. ಸ್ಕೂಲಿನ ಯೂನಿಫಾರ್ಮ್. ನನ್ನ ಕೈಯ ಫೈಲಿನ ಮೇಲಿದ್ದ ಆಸ್ಪತ್ರೆಯ ಹೆಸರನ್ನು ನಿಧಾನವಾಗಿ ಓದಿದಳು. ವಸಂತಮ್ಮ ಅವಳನ್ನು ಒಳಗೆ ಅಟ್ಟಿ, ತಂಗಿಯ ಮಗಳು ಎಂದಳು. ನಾನು ಕೇಳಿರಲೇ ಇಲ್ಲ.

ಶುಕ್ರವಾರ, ಆಗಸ್ಟ್ 12

ಹೈಸ್ಕೂಲಿನ ದಾಖಲಾತಿ ಪುಸ್ತಕ ನೋಡಿದೆ. ಹತ್ತನೇ ಕ್ಲಾಸು, ಸೀತಾ, ತಂದೆ ಗೋಪಾಲಪ್ಪ, ಹುಟ್ಟಿದ್ದು 1973. ದಿನ, ತಿಂಗಳು ಕೂಡ ಅಂಜಿನಮ್ಮನ ಫೈಲಿನಲ್ಲಿರುವುದೇ.

ಅಲ್ಲಿಂದ ಸೀದಾ ಮನೆಗೆ. ಹುಡುಗಿ ಸ್ಕೂಲಿನಲ್ಲಿದ್ದಳು. ಈ ಸಲ ವಸಂತಮ್ಮ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ನೆಲದ ಮೇಲೆ ಕೂತು ಎಲ್ಲ ಹೇಳಿದಳು. ವಠಾರದವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಲ್ಲಿಯ ಹತ್ತಿರ ಇವರ ಬಿಂದಿಗೆ ಇಡಗೊಡಲಿಲ್ಲವಂತೆ, ಅಂಟುತ್ತದೆ ಎಂದು. ಮಗುವಿನ ಜೊತೆ ಆಡಲು ಯಾರೂ ತಮ್ಮ ಮಕ್ಕಳನ್ನು ಕಳಿಸುತ್ತಿರಲಿಲ್ಲ. ಪ್ರತಿ ತಿಂಗಳು ಪೋಸ್ಟ್‌ಮನ್ ಆಸ್ಪತ್ರೆಯ ಕಾರ್ಡನ್ನು ಗಟ್ಟಿಯಾಗಿ ಓದಿ ಕೊಡುತ್ತಿದ್ದ. ದೊಡ್ಡ ಮಗಳಿಗೆ ಗೊತ್ತಾಗಿದ್ದ ಗಂಡು ತಪ್ಪಿತು. ಅದಕ್ಕೇ ಆ ಕಾರ್ಡು, ಹೊಸ ಊರು, ಹೊಸ ಹೆಸರು. ಹೊಟ್ಟೆಯ ಮೇಲಿನ ಗಾಯ ಎತ್ತು ಹಾಯ್ದದ್ದು ಎಂದು ಹುಡುಗಿಗೂ ಹೇಳಿದ್ದಾರೆ. ಅವಳಿಗೆ ಏನೂ ಗೊತ್ತಿಲ್ಲ.

ನಾನು ಕೊಲೆಯವರೆಗೂ ಯೋಚಿಸಿದ್ದೆ. ತಲೆ ತಗ್ಗಿಸಿ ಕೂತೆ.

ಒಂದೇ ಕಿಡ್ನಿ ಇರುವವಳು, ವರ್ಷಕ್ಕೊಮ್ಮೆಯಾದರೂ ಬಿ.ಪಿ., ಯೂರಿನ್ ನೋಡಿಸಬೇಕು ಎಂದೆ. ಫಾರಂ ತೆಗೆದೆ. ತಂದೆ ಯಾವ ಕೆಲಸದಲ್ಲಿದ್ದ, ಯಾವ ಕೆಮಿಕಲ್ಲು, ಬಸಿರಿನಲ್ಲಿ ಯಾವ ಮಾತ್ರೆ — ಕಾರಣ ಹುಡುಕುವ ಪ್ರಶ್ನೆಗಳು. ಅವಳು ಫಾರಂ ಮುಟ್ಟಲೇ ಇಲ್ಲ.

“ನಾವೇನು ತೆಪ್ಪು ಮಾಡಿದ್ವಿ ಅಂತ ಬರ್ಕೊಳ್ಳಾಕೆ ಬಂದ್ರಾ? ಅಂಗೇ ಸತ್ತೋದ್ಲು ಅಂತ್ಲೇ ಇರ್ಲಿ ಬುಡಿ. ಅವ್ಳಿಗೆ ಮಾತ್ರ ಏಳ್ಬ್ಯಾಡಿ.”

ಹೇಳುವುದಿಲ್ಲ ಎಂದು ಆಣೆ ಮಾಡಿ ಬಂದೆ.

ಮಂಗಳವಾರ, ಆಗಸ್ಟ್ 16

ಡಾ. ಜಯಸಿಂಹ ನಂಬಲಿಲ್ಲ. ಹುಡುಗಿಯನ್ನು ನೀವು ಪರೀಕ್ಷೆ ಮಾಡಿಸಿದಿರಾ, ಗಾಯ ನೋಡಿದಿರಾ, ಸಹಿ ತಂದಿರಾ ಎಂದರು. ಒಂದೂ ಇಲ್ಲ. ಸ್ಟಡಿ ಚೆನ್ನಾಗಿ ಕಾಣಲಿ ಎಂದು ಬದುಕಿದವರನ್ನು ಹುಟ್ಟಿಸಿದರೆ ಆಗುವುದಿಲ್ಲ ಎಂದರು. ನನ್ನನ್ನು ಅನುಮಾನಿಸುತ್ತಿದ್ದಾರೆ! ನೋಡದೆ ಬರೆಯುವ ಹಾಗಿಲ್ಲ. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು.

ಅವರು ಹೇಳಿದ್ದೂ ಸರಿಯೇ. ಅದೇ ಸಂಕಟ.

ಸೋಮವಾರ, ಸೆಪ್ಟೆಂಬರ್ 5 — ಸಂಜೆ

ಮಧ್ಯಾಹ್ನ ಹನ್ನೆರಡಕ್ಕೆ ಸೀತಾ ಬಂದಳು. ಒಬ್ಬಳೇ. ಟೀಚರ್ಸ್ ಡೇ, ಸ್ಕೂಲು ಬೇಗ ಬಿಟ್ಟಿತ್ತಂತೆ. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕೂರಲಿಲ್ಲ. ನಾನು ಬಂದುಹೋದ ಮೇಲೆ ಅಮ್ಮ ಅಳುತ್ತಲೇ ಇದ್ದಾಳೆ ಎಂದಳು. ಆಮೇಲೆ ಕೇಳಿದಳು —

“ನನ್ನ ಕಿಡ್ನೀನ ನಮ್ಮಪ್ಪ ಮಾರ್ಬಿಟ್ರಾ ಮೇಡಂ?”

ಯಾಕೆ ಹಾಗೆ ಕೇಳುತ್ತೀಯ ಎಂದೆ.

ಜೂನಿನಲ್ಲಿ ಸ್ಕೂಲಿಗೆ ಬಂದಿದ್ದ ಹೆಲ್ತ್ ಚೆಕಪ್‌ನ ಡಾಕ್ಟರು ಗಾಯ ನೋಡಿ, ಇದು ಎತ್ತು ಹಾಯ್ದದ್ದಲ್ಲ, ಕಿಡ್ನಿ ಆಪರೇಷನ್ ಇದ್ದ ಹಾಗಿದೆ ಎಂದರಂತೆ. ಊರಿನಲ್ಲಿ ಎಲ್ಲ ಕಡೆ ಕಿಡ್ನಿ ಮಾರುವವರ ಮಾತೇ. ಇವರು ಸೈಟು ತೆಗೆದುಕೊಂಡದ್ದೂ ಗಾಯವಾದ ಕಾಲಕ್ಕೇ. ಅವಳೇ ಕೂಡಿಸಿಕೊಂಡಿದ್ದಾಳೆ. ಎರಡೂವರೆ ತಿಂಗಳಿಂದ ಅಪ್ಪನ ಜೊತೆ ಮಾತಾಡಿಲ್ಲ. ಅವನು ಬಡಿಸಿದರೆ ಉಣ್ಣುವುದಿಲ್ಲ. ಯಾಕೆಂದು ಅವನಿಗೆ ಗೊತ್ತಿಲ್ಲ.

ಆಣೆ ನೆನಪಾಯಿತು. ಆದರೆ ಎದುರಿಗೆ ನಿಂತವಳು ಇದನ್ನು ನಂಬಿಕೊಂಡು ಬದುಕಬೇಕೇ? ಕೂರಿಸಿದೆ. ಕ್ಯಾನ್ಸರ್ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದೆ. ಅಂಟುವುದಿಲ್ಲ, ಯಾರ ತಪ್ಪೂ ಅಲ್ಲ, ಯಾಕೆ ಬರುತ್ತದೆ ಎಂದು ನಮಗೇ ಇನ್ನೂ ಗೊತ್ತಿಲ್ಲ, ಅದಕ್ಕೇ ಹುಡುಕುತ್ತಿದ್ದೇವೆ ಎಂದೆ. ಓ.ಪಿ.ಡಿ. ಕಾರ್ಡು ತೆರೆದು ಮುಂದಿಟ್ಟೆ. ನಲವತ್ತಮೂರು ಸಲ ಬಂದಿದ್ದಾರೆ. ಜೊತೆಗೆ ಬಂದವರು ಎಂಬ ಕಾಲಮ್ಮಿನಲ್ಲಿ ಮೂವತ್ತೊಂಬತ್ತು ಕಡೆ ‘ತಂದೆ’. ಜುಲೈನಲ್ಲಿ ನನ್ನ ಕಣ್ಣಿಗೂ ಬಿದ್ದಿತ್ತು. ಆಗ ನನಗೆ ಬೇಕಾದ್ದು ಅದಲ್ಲ.

ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅಳಲಿಲ್ಲ. ಚಂದಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದಳು.

ಗುರುವಾರ, ಸೆಪ್ಟೆಂಬರ್ 8

ಸುದ್ದಿಯಿಲ್ಲ. ವಸಂತಮ್ಮನಿಗೆ ಕೊಟ್ಟ ಮಾತು ತಪ್ಪಿದ್ದೇನೆ. ಅವಳು ಬಂದು ಬೈದರೂ ವಾಸಿ.

ಬುಧವಾರ, ಸೆಪ್ಟೆಂಬರ್ 21 — ಬೆಳಿಗ್ಗೆ 11

ಬಂದಿದ್ದಾರೆ. ತಂದೆ, ಮಗಳು.

ಗೋಪಾಲಪ್ಪನನ್ನು ನೋಡಿದ್ದು ಇದೇ ಮೊದಲು. ಸಣ್ಣ ಆಳು. ಪ್ಲೇಟಿಂಗ್‌ನ ಆಸಿಡ್ಡಿಗೆ ಸುಟ್ಟ ಬೆರಳುಗಳು. ಹೆಂಡತಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಅದಕ್ಕೇ ಬರಲಿಲ್ಲ ಎಂದ. ಸೀತಾಳನ್ನು ಡಾಕ್ಟರು ಒಳಗೆ ಕರೆದ ಮೇಲೆ, ಗೋಡೆ ನೋಡುತ್ತಾ ಹೇಳಿದ —

“ಆವತ್ತು ಇಲ್ಲಿಂದ ಬಂದವ್ಳೇ ನನ್ ಪಕ್ಕ ಕುಂತು ಉಂಡ್ಲು ಮೇಡಂ. ಏನೂ ಏಳ್ಲಿಲ್ಲ. ಉಂಡ್ಲು.”

ಇಲ್ಲಿಗೆ ಬಂದು ಹೋದದ್ದನ್ನು ಅವಳು ಹೇಳಿದ್ದು ಎಷ್ಟೋ ದಿನದ ಮೇಲಂತೆ. ಫಾರಂ ತುಂಬಿಸಿದ. ಕೆಮಿಕಲ್ಲಿನ ಪ್ರಶ್ನೆ ಬಂದಾಗ ಕೈ ನೋಡಿಕೊಂಡು, ನನ್ನಿಂದಲೇ ಬಂತಾ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದೇ ನಿಜ.

11:40

ಡಾ. ಜಯಸಿಂಹ ತಾವೇ ಹೊರಗೆ ಬಂದರು. ಎಕ್ಸ್-ರೇ ಕ್ಲಿಯರ್. ಬಿ.ಪಿ. ಸ್ವಲ್ಪ ಹೆಚ್ಚು, ಮಾತ್ರೆ ಕೊಟ್ಟಿದ್ದಾರೆ. ತಿಂಗಳಿಗೊಮ್ಮೆ ಬರಬೇಕು. ಇನ್ನೆರಡು ವರ್ಷ ಬಿಟ್ಟಿದ್ದರೆ ಉಳಿದ ಕಿಡ್ನಿಗೂ ತೊಂದರೆಯಾಗುತ್ತಿತ್ತು ಎಂದರು. ಸಾರಿ ಎನ್ನಲಿಲ್ಲ. ಸ್ಟಡಿಯ ಪಟ್ಟಿ ತರಿಸಿ ಹತ್ತೊಂಬತ್ತನ್ನು ಹೊಡೆದು ಹದಿನೆಂಟು ಮಾಡಿದರು, ಹದಿನೇಳನ್ನೂ ಹದಿನೆಂಟು ಮಾಡಿದರು. ಮನೆಗೆ ಕಾಗದ ಹಾಕುವುದಿಲ್ಲ, ಹೆಸರೂ ಬರೆಯುವುದಿಲ್ಲ, ನಂಬರು ಸಾಕು ಎಂದು ಒಪ್ಪಿಸಿದೆ.

ಗೋಪಾಲಪ್ಪ ಕ್ಯಾಂಟೀನಿನಿಂದ ಟೀ ತಂದಿದ್ದಾನೆ. ಮೂರು ಲೋಟ. ಒಂದನ್ನು ಸೀತಾ ನನ್ನ ಮೇಜಿನ ಮೇಲೆ ಇಟ್ಟು, ಆರುವುದರೊಳಗೆ ಕುಡಿಯಿರಿ ಎನ್ನುತ್ತಿದ್ದಾಳೆ.