ಸೊನ್ನೆಯ ಪಕ್ಕದ ಜಾಗ

ಅಂಗಡಿಯ ಮೇಲಿನ ಕೋಣೆ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಶೋರೂಮಿನಲ್ಲಿ ದಿನವಿಡೀ ನಿಂತೇ ಇರಬೇಡ, ನೀನು ಕೂತರೂ ಹೊಸ ಫ್ಯಾನುಗಳು ಮಾರಾಟವಾಗುತ್ತವೆ. ಅತ್ತಿಗೆಯ ಕೆಮ್ಮು ಇಳಿಯಿತೆಂದು ತಿಳಿದು ಸಮಾಧಾನವಾಯಿತು. ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕ ಹುಡುಕುವುದು, ಅದನ್ನು ಎತ್ತಿಟ್ಟವಳು ನಾನೇ ಎಂದು ನನ್ನನ್ನು ಬೈಯುವುದು, ಎರಡೂ ಎಂದಿನಂತೆ ನಡೆದಿದೆ.

ನೀನು ಸಹಿ ಹಾಕಿ ಕಳಿಸಿದ ಒಪ್ಪಿಗೆ ಪತ್ರ ಸೋಮವಾರವೇ ಬಂತು. ನಮ್ಮ ಸಾಲಿನ ಆರೂ ರಿಪೇರಿ ಅಂಗಡಿಗಳನ್ನು ಕೆಡವಿ, ನಗರಸಭೆಯವರು ಅಲ್ಲಿ ಹಳೆ ಸಾಮಾನು ಸಂಗ್ರಹಿಸುವ ಕೇಂದ್ರ ಕಟ್ಟುತ್ತಾರಂತೆ. ಅಂಗಡಿ ಇಬ್ಬರ ಹೆಸರಿನಲ್ಲಿರುವುದರಿಂದ ನಿನ್ನ ಸಹಿಯ ಪಕ್ಕ ನನ್ನದಕ್ಕೆ ಜಾಗ ಬಿಟ್ಟಿದ್ದಾರೆ. ಅವರು ಹೇಳುವುದನ್ನೂ ಒಮ್ಮೆ ಕೇಳೋಣವೆಂದು ನಿನ್ನೆ ಪುರಭವನದಲ್ಲಿ ಅವರು ನಡೆಸಿದ ಸುಸ್ಥಿರತೆ ಸಮ್ಮೇಳನಕ್ಕೆ ಹೋದೆ. ಬಾಗಿಲಲ್ಲಿದ್ದವರು ಯಾವ ಸಂಸ್ಥೆಯಿಂದ ಎಂದು ಕೇಳಿದರು. ಯಾವುದೂ ಇಲ್ಲ ಅಂದೆ. ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಚೀಟಿಯಲ್ಲಿ ಹೆಸರಿನ ಬದಲು "ಸಾಮಾನ್ಯ" ಎಂದು ಬರೆದಿದ್ದರು. ಮೈಯೆಲ್ಲ ಉರಿಯಿತು. ಆದರೂ ಅದನ್ನೇ ನೇತುಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ.

ವೇದಿಕೆಯ ಕೆಳಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೋಗಳನ್ನು ಪೇರಿಸಿ ಒಂದು ಗೋಪುರ ಮಾಡಿದ್ದರು. ತಜ್ಞರೊಬ್ಬರು ಅದನ್ನು ತೋರಿಸುತ್ತಾ, ಯಂತ್ರಗಳಿಗೆ ಐದಾರು ವರ್ಷವಷ್ಟೇ ಆಯಸ್ಸು, ಆಮೇಲೆ ಶಿಸ್ತಿನಿಂದ ಎಸೆಯುವುದನ್ನು ಜನ ಕಲಿಯಬೇಕು ಎಂದು ಗಂಟೆಗಟ್ಟಲೆ ಕೊರೆದರು. ನಾನು ಎದ್ದು, ಇವುಗಳಲ್ಲಿ ಒಂದನ್ನಾದರೂ ಯಾರಾದರೂ ಬಿಚ್ಚಿ ನೋಡಿದ್ದಾರಾ ಎಂದು ಕೇಳಿದೆ. ಪ್ರಶ್ನೆ ಕೇಳುವುದು ಸಂಸ್ಥೆಯವರು ಮಾತ್ರ, ಸಾಮಾನ್ಯರು ಬರೆದು ಡಬ್ಬಿಗೆ ಹಾಕಬೇಕು ಅಂದರು ವ್ಯವಸ್ಥಾಪಕರು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ನೆಟ್ಟಗೆ ಹೋಗಿ ಗೋಪುರದ ತುದಿಯಲ್ಲಿದ್ದ ಹಸಿರು ಟೇಬಲ್ ಫ್ಯಾನನ್ನು ಇಳಿಸಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ವೇದಿಕೆಯ ಮೆಟ್ಟಿಲ ಮೇಲೆ ಕೂತು ತಳ ಬಿಚ್ಚಿದೆ.

ಒಳತಗಡಿನಲ್ಲಿ ನಮ್ಮ ಅಂಗಡಿಯ ಗುರುತಿತ್ತು ಅಣ್ಣಾ. ರಿಪೇರಿ ಮಾಡಿದವರು ತಾರೀಖು ಗೀಚಿ ಪಕ್ಕದಲ್ಲಿ ತಮ್ಮ ಗುರುತು ಹಾಕಬೇಕೆಂಬುದು ಅಪ್ಪನ ಕಟ್ಟಪ್ಪಣೆಯಾಗಿತ್ತಲ್ಲ. ಅಪ್ಪನದು ಉದ್ದ ಗೆರೆ, ನನ್ನದು ಅಡ್ಡಗೆರೆ. ಗಣಿತದಲ್ಲಿ ನೀನು ತರುತ್ತಿದ್ದ ಅಂಕ ನೋಡಿ ನಿನಗೆ ಸೊನ್ನೆ ಕೊಟ್ಟಿದ್ದರು.

ಸ್ವಿಚ್ಚಿನೊಳಗೆ ಒಂದು ತಂತಿ ಕಳಚಿಕೊಂಡಿತ್ತು, ಅಷ್ಟೇ. ಅದನ್ನು ಬಿಗಿದು, ಪರದೆಗೆ ಚಿತ್ರ ಬಿಡುತ್ತಿದ್ದ ಯಂತ್ರದ ಪ್ಲಗ್ ಕಿತ್ತು ಫ್ಯಾನಿನದು ಸಿಕ್ಕಿಸಿದೆ. ತಜ್ಞರ ಹಾಳೆಗಳೆಲ್ಲ ಹಾರಿ ಮೂರನೇ ಸಾಲಿಗೆ ಬಿದ್ದವು. ವ್ಯವಸ್ಥಾಪಕರು ಓಡಿಬಂದು, "ಮೇಡಂ, ಅದು ಕಲಾಕೃತಿ, ಮುಟ್ಟಬಾರದು" ಅಂದರು. "ಕಲಾಕೃತಿ ಅಲ್ಲ ಸ್ವಾಮಿ, ಫ್ಯಾನು. ಗಾಳಿ ಬರ್ತಿದೆ ನೋಡಿ" ಅಂದೆ. ಹಿಂದಿನಿಂದ ಚಪ್ಪಾಳೆ ಬಿತ್ತು, ಬಹುಶಃ ಸೆಕೆಗೆ. ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಬಂದೆ, ಯಾರೂ ತಡೆಯಲಿಲ್ಲ. ಈಗ ಅದರ ಮುಂದೆಯೇ ಕೂತು ಬರೆಯುತ್ತಿದ್ದೇನೆ.

ಅಮ್ಮ ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾಳೆ. ಅತ್ತಿಗೆಗೆ ನನ್ನ ನಮಸ್ಕಾರ.

ನಿನ್ನ ತಂಗಿ
(ಸಾಮಾನ್ಯ)

ಮರೆಯುವ ಮುಂಚೆ: ಒಪ್ಪಿಗೆ ಪತ್ರ ಇದರ ಜೊತೆಗೇ ಇದೆ. ನಾನು ಅದಕ್ಕೆ ಸಹಿ ಹಾಕುವುದಿಲ್ಲ, ನಿನ್ನ ಸಹಿಯನ್ನು ನೀನೇ ಹೊಡೆದುಹಾಕು. ಫ್ಯಾನಿಗೆ ಬೇರೆ ತಗಡು ಕತ್ತರಿಸಿ ಹಾಕಿ, ಹಳೆಯದನ್ನು ನಿನಗೆ ಕಳಿಸುತ್ತಿದ್ದೇನೆ. ಇಪ್ಪತ್ತಮೂರು ವರ್ಷದ ಹಿಂದಿನ ತಾರೀಖು, ಪಕ್ಕದಲ್ಲಿ ಸೊನ್ನೆ. ಆ ಸೊನ್ನೆಯ ಪಕ್ಕ ಒಂದಿಷ್ಟು ಜಾಗವಿತ್ತು. ನನ್ನ ಸಹಿ ಅಲ್ಲಿ ಹಾಕಿದ್ದೇನೆ.